ಎರಡು ಮಾಡುಗಳ ನಡುವಿನ ಓಣಿ

ಬಂದರಿನ ಆ ಓಣಿಯ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಪರಂಗಿಯವರ ಕಾಲದಲ್ಲಿ ನಮ್ಮ ವ್ಯಾಪಾರಿಗಳು ಅವರ ಕಣ್ಣು ತಪ್ಪಿಸಿ, ಮೆಣಸಿನ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ನದಿಯಲ್ಲಿ ಕಾದಿದ್ದ ದೋಣಿಗಳಿಗೆ ಸಾಗಿಸಿದ್ದು ಈ ಗುಪ್ತ ದಾರಿಯಲ್ಲಂತೆ. ಓಣಿ ಸೊಟ್ಟಗಿರುವುದು ಅದಕ್ಕೇ ಅಂತೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಬೆನ್ನಿಗೆ ಮೂಟೆ ಹೇರಿಕೊಂಡು ಅಲ್ಲಿ ನಡೆದು ನೋಡಿದ್ದಾರೆಯೇ? ನಾನು ನೋಡಿದ್ದೇನೆ. ಇಪ್ಪತ್ತೆರಡು ಹೆಜ್ಜೆಗೆ ಸಿಕ್ಕಿಹಾಕಿಕೊಂಡೆ.

ಆ ಮೂಟೆಯ ವಿಷಯ ಆಮೇಲೆ. ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಬೇಕು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ತಂಡಕ್ಕೆ ಇಬ್ಬರು, ನನ್ನ ಜೊತೆಗಾತಿ ಕಂಕನಾಡಿಯ ಬ್ಯಾರಿ ಹುಡುಗಿ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಯಾವ ಪಕ್ಷ ಬಂದರೂ ನಾವು ಮಾತಾಡುತ್ತಿದ್ದೆವು, ಹೆಚ್ಚಾಗಿ ಗೆಲ್ಲುತ್ತಿದ್ದೆವು. ಅವಳು ನಗಿಸಿ ಗೆಲ್ಲುತ್ತಿದ್ದಳು. ನಾನು ಎದುರಾಳಿಯ ಮೊದಲ ವಾಕ್ಯ ಮುಗಿಯುವ ಮೊದಲೇ ‘ಆಧಾರ ಏನು?’ ಎಂದು ಬರೆದಿಟ್ಟುಕೊಂಡು ಕೂತಿರುತ್ತಿದ್ದೆ. ಕಾಲೇಜು ಮುಗಿದು ಇಬ್ಬರಿಗೂ ಕೆಲಸ ಸಿಕ್ಕಿದ ಮೇಲೆ ವಾದಿಸಲು ಜನ ಸಿಗದೆ, ಭಾನುವಾರ ಬೆಳಿಗ್ಗೆ ನಡೆಯುತ್ತ ನಾವಿಬ್ಬರೇ ವಾದಿಸುವುದು ಎಂದಾಯಿತು. ನಾನು ದೇರೆಬೈಲಿನಿಂದ ಬಸ್ಸಿನಲ್ಲಿ, ಅವಳು ಸ್ಕೂಟರಿನಲ್ಲಿ. ಹಂಪನಕಟ್ಟೆಯಲ್ಲಿ ಸೇರಿ ಕೆಳಗೆ ಇಳಿಯುವುದು. ನಿಯಮ ಎರಡೇ. ಫೋನಿನ ನಕ್ಷೆ ತೆಗೆಯಬಾರದು. ಎರಡು ಗೋಡೆಗಳ ನಡುವೆ ಒಂದು ಆಳು ತೂರುವಷ್ಟು ಜಾಗ ಕಂಡರೆ ತೂರಲೇಬೇಕು.

ಹೀಗೆ ತೂರಿ ಎಷ್ಟೋ ನೋಡಿದೆವು. ರಥಬೀದಿಯ ಹಿಂದೆ ಒಂದು ಓಣಿಯಲ್ಲಿ ಐದು ಮನೆಗಳ ಹಿಂಬಾಗಿಲು ಒಂದೇ ಬಾವಿಗೆ ತೆರೆಯುತ್ತವೆ. ಬಾವಿಗೆ ರಾಟೆ ಮಾತ್ರ ಐದು. ಇನ್ನೊಂದು ಓಣಿಯಲ್ಲಿ ಎರಡೂ ಕಡೆಯ ಹಂಚಿನ ಮಾಡು, ಅಂದರೆ ಸೂರು, ಎಷ್ಟು ಹತ್ತಿರ ಬಂದಿದೆಯೆಂದರೆ ನಡು ಮಧ್ಯಾಹ್ನ ಅಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದೆ. ಮತ್ತೊಂದು ಓಣಿ ನೇರ ಒಂದು ಕೊಂಕಣಿ ಮನೆಯ ಅಂಗಳದಲ್ಲಿ ಮುಗಿಯಿತು. ಒಣಗಲು ಹಾಕಿದ್ದ ಹಪ್ಪಳ ದಾಟಲು ನಾವು ಕುಣಿಯುತ್ತಿದ್ದಾಗ ಒಬ್ಬ ಹೆಂಗಸು ಹೊರಬಂದು ಯಾರು ಬೇಕು ಎಂದು ಕೇಳಿದರು. ಯಾರೂ ಬೇಡ, ಓಣಿ ನೋಡಲು ಬಂದದ್ದು ಎಂದೆವು. ಅವರು ನಮ್ಮನ್ನೇ ಸ್ವಲ್ಪ ಹೊತ್ತು ನೋಡಿ, ಹಾಗಾದರೆ ಕೂತುಕೊಂಡು ನೋಡಿ ಎಂದು ಎರಡು ಮಣೆ ತಂದಿಟ್ಟರು. ಈ ಊರನ್ನು ನಾನು ದಿನವೂ ಬೈಯುತ್ತೇನೆ. ಅಗೆದ ರಸ್ತೆಯನ್ನು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆಯುವ ಊರು ಇದು. ಆದರೆ ಆ ಮಣೆ ನೆನಪಾದಾಗ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.

ಬಂದರಿಗೆ ಬಂದರೆ ವಾಸನೆಯಲ್ಲೇ ದಾರಿ ಗೊತ್ತಾಗುತ್ತದೆ. ಒಣಮೀನು, ಆಮೇಲೆ ತೆಂಗಿನ ನಾರಿನ ಹಗ್ಗ, ಆಮೇಲೆ ಅಡಿಕೆ ಗೋಣಿ. ಹಗ್ಗದಂಗಡಿ ದಾಟಿದ ಕೂಡಲೇ ಎಡಕ್ಕೆ ಆ ಓಣಿ. ಅದರ ಬಾಯಲ್ಲೇ ಗೆಳತಿಯ ಅಜ್ಜಿಯ ಅಡುಗೆಮನೆಯ ಬಾಗಿಲು. ಅಜ್ಜಿಗೆ ಎಂಬತ್ತು ದಾಟಿದೆ. ಸುತ್ತಲಿನವರಿಗೆಲ್ಲ ಅವರು ಉಮ್ಮ, ನನಗೂ ಹಾಗೆಯೇ.

ಉಮ್ಮನ ತಾಯಿಯ ಮನೆ ಓಣಿಯ ಉದ್ದಕ್ಕೂ ಚಾಚಿಕೊಂಡ ಒಂದೇ ಉದ್ದನೆಯ ಮನೆ. ಅದು ಮೂವರು ಹೆಣ್ಣುಮಕ್ಕಳಿಗೆ ಮೂರು ಪಾಲಾಗಿ, ಒಳಗೆ ಗೋಡೆ ಎದ್ದಿದೆ. ರಸ್ತೆಯ ಕಡೆಯದು ಉಮ್ಮನ ಪಾಲು. ನಡುವಿನದಕ್ಕೆ ಬೀಗ, ಆ ತಂಗಿಯ ಮಕ್ಕಳೆಲ್ಲ ದುಬೈಯಲ್ಲಿ. ಕೊನೆಯದರಲ್ಲಿ ಉಮ್ಮನ ಅಕ್ಕ ಮೊಮ್ಮಗನ ಸಂಸಾರದ ಜೊತೆ ಇದ್ದಾರೆ. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ದಿನಾ ಹತ್ತು ಗಂಟೆಗೆ ಉಮ್ಮ ಒಂದು ಕೈಯಲ್ಲಿ ಎಣ್ಣೆ ಬಟ್ಟಲು, ಇನ್ನೊಂದು ಕೈಯಲ್ಲಿ ಬಾಚಣಿಗೆ ಹಿಡಿದು, ಅಡುಗೆಮನೆಯ ಬಾಗಿಲಿನಿಂದ ಓಣಿಗಿಳಿದು ಅಕ್ಕನ ಅಡುಗೆಮನೆಗೆ ಹೋಗಿ ಅವರ ತಲೆ ಬಾಚಿ ಬರುತ್ತಾರೆ. ಆ ಮನೆಗಳಲ್ಲಿ ಹೆಂಗಸರ ಹೋಗಿಬರುವಿಕೆ ಯಾವಾಗಲೂ ಹಿಂಬಾಗಿಲಿನಿಂದ, ಮುಂಬಾಗಿಲು ನೆಂಟರಿಗೆ. ಮುಂಬಾಗಿಲಿನಿಂದಲೇ ಹೋಗಬೇಕೆಂದರೆ ಅಕ್ಕನ ಮನೆಯ ಮುಖ ಆಚೆ ರಸ್ತೆಗೆ. ಮೀನಿನ ಲಾರಿ, ಆಟೋ, ಅಗೆದ ಗುಂಡಿ ಎಲ್ಲವನ್ನೂ ಸುತ್ತಬೇಕು. ಉಮ್ಮನ ಮೊಣಕಾಲಿಗೆ ಅದು ಆಗದ ಮಾತು. ಓಣಿಯಲ್ಲಾದರೆ ಐವತ್ತು ಹೆಜ್ಜೆ.

ಓಣಿಯ ಎದುರು ಬದಿಗೆ ಉದ್ದಕ್ಕೂ ಒಂದು ಹಳೆಯ ಗೋದಾಮಿನ ಗೋಡೆ. ಆ ಗೋದಾಮನ್ನು ಎರಡು ವರ್ಷದ ಹಿಂದೆ ಕೊಂಡವರು ನನ್ನ ಮಾವ, ಅಮ್ಮನ ತಮ್ಮ. ಗದ್ದೆ ಇದ್ದ ಕುಟುಂಬ ನಮ್ಮದು. ಗದ್ದೆ ಹೋದ ಮೇಲೆ ಹೋಟೆಲಿಗೆ ಬಂದದ್ದು. ಮಾವನಿಗೆ ಬಿಜೈಯಲ್ಲಿ ಒಂದು ಹೋಟೆಲು ಉಂಟು. ಇಲ್ಲಿ ಇನ್ನೊಂದು ತೆರೆಯುವ ಆಸೆ. ಹಳೆಯ ಹಂಚು, ಹಳೆಯ ತೊಲೆ ಹಾಗೆಯೇ ಇಟ್ಟು ಒಳಗೆ ಮೇಜು ಹಾಕುವುದು. ಹಳೆಯದನ್ನು ನೋಡುತ್ತ ಹೊಸ ದರಕ್ಕೆ ಉಣ್ಣುವವರು ಈಗ ಬೇಕಾದಷ್ಟು ಜನ ಇದ್ದಾರೆ.

ಮೂಟೆಯ ಪ್ರಸಂಗ ನಡೆದದ್ದು ಆಗ. ಒಂದು ಭಾನುವಾರ ಗೈಡ್ ಒಬ್ಬರು ಹತ್ತು ಹನ್ನೆರಡು ಜನರನ್ನು ಓಣಿಗೆ ಕರೆತಂದು ಮೆಣಸಿನ ಕಥೆ ಹೇಳುತ್ತಿದ್ದರು. ನಾನು ಹಿಂದೆ ನಿಂತು ಕೇಳಿ, ಕೈ ಎತ್ತಿದೆ. ಓಣಿ ನದಿಗೆ ಹೋಗುತ್ತಿತ್ತು ಎಂದಿರಿ, ಆದರೆ ತಿರುವಿನ ಆಚೆ ಒಂದು ಅಂಗಳ, ಬಾವಿ ಇದೆಯಲ್ಲ? ಬಾವಿ ಆಮೇಲೆ ತೋಡಿದ್ದು ಎಂದರು. ಯಾವಾಗ? ನಂತರ ಎಂದರು. ಜನ ನಕ್ಕರು, ಗೈಡಿನ ಮುಖ ಕೆಂಪಾಯಿತು. ಆ ಗಳಿಗೆಯಲ್ಲಿ ನನಗೆ ಆದ ಸಂತೋಷದ ಬಗ್ಗೆ ಈಗ ಅಷ್ಟೇನೂ ಹೆಮ್ಮೆ ಇಲ್ಲ.

ಅವರು ಹೋದ ಮೇಲೆ ಪ್ರಯೋಗವೇ ಆಗಲಿ ಎಂದು ನಾನು ಹಟ ಹಿಡಿದೆ. ಉಮ್ಮನ ಮನೆಯ ನಾಲ್ಕು ತಲೆದಿಂಬು, ಎರಡು ಕಂಬಳಿ ಒಂದು ಗೋಣಿಗೆ ತುರುಕಿ ಬೆನ್ನಿಗೇರಿಸಿಕೊಂಡು ಹೊರಟೆ. ತಿರುವಿನಲ್ಲಿ ಗೋಣಿ ಒಂದು ಗೋಡೆಗೆ, ನನ್ನ ಹಣೆ ಇನ್ನೊಂದಕ್ಕೆ ಒತ್ತಿ ನಿಂತಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಗೆಳತಿ ಸಹಾಯ ಮಾಡುವ ಬದಲು ವಿಡಿಯೋ ಮಾಡಿದಳು.

“ಈಗ ಪರಂಗಿಯವರು ಬಂದರೆ ಎಂತ ಮಾಡ್ತಿ ಮಾರಾಯ್ತಿ?”

“ಅವರೂ ಇಲ್ಲಿಯೇ ಸಿಕ್ಕಿಬೀಳ್ತಾರೆ, ನಿನ್ನ ಅಜ್ಜಿ ಚಾ ಕೊಡ್ತಾರೆ. ಎಳಿ ನನ್ನನ್ನು.”

ಉಮ್ಮ ಬಾಗಿಲ ಮೆಟ್ಟಿಲಲ್ಲಿ ಕೂತು, ತಲೆಯ ಮೇಲಿನ ಬಟ್ಟೆಯ ತುದಿ ಬಾಯಿಗೆ ಒತ್ತಿ ನಗುತ್ತಿದ್ದರು. ಬಿಡಿಸಿಕೊಂಡು ಬಂದು ನಾನು ಅವರ ಮುಂದೆ ನಿಂತು, ಮೂಟೆಯ ಕಥೆ ಶುದ್ಧ ಸುಳ್ಳು ಎಂದು ಘೋಷಿಸಿದೆ. “ಹೌದಾ ಮಗಾ?” ಎಂದರು. ಅಷ್ಟೇ. ಒಳಗೆ ಹೋಗಿ ತಿನ್ನಲು ಗುಳಿಯಪ್ಪ ತಂದರು.

ಕಥೆ ಸುಳ್ಳಾದರೆ ನಿಜ ಏನು? ಸುಳ್ಳು ಎಂದು ತೋರಿಸಿ ಕೂರುವುದು ಅರ್ಧ ವಾದ. ಉಳಿದರ್ಧ ಜೂನಿನಲ್ಲಿ ಸಿಕ್ಕಿತು. ಜೋರು ಮಳೆಗೆ ನಾವು ಉಮ್ಮನ ಬಾಗಿಲಲ್ಲಿ ಸಿಲುಕಿದ್ದೆವು. ಎದುರು ಗೋದಾಮಿನ ಮಾಡಿನಿಂದ ಒಂದು ಸಾಲು ನೀರು, ಈಚೆ ಮನೆಯ ಮಾಡಿನಿಂದ ಇನ್ನೊಂದು ಸಾಲು. ಎರಡೂ ಬೀಳುವ ಕಡೆ ನೆಲದ ಕೆಂಪುಕಲ್ಲಿನಲ್ಲಿ ಬೆರಳು ಮುಳುಗುವಷ್ಟು ಆಳದ ಗುಳಿಗಳು, ಓಣಿಯ ಉದ್ದಕ್ಕೆ ಎರಡು ಸಾಲು. ಅವೆರಡರ ಸರಿ ನಡುವೆ, ನೆಟ್ಟಗೆ ನಿಲ್ಲಿಸಿದ ಸಣ್ಣ ಕಲ್ಲುಗಳ ಮೂರನೆಯ ಸಾಲು. ನೂರು ಸಲ ಅದನ್ನು ಎಡವಿದ್ದೆ, ನೋಡಿರಲಿಲ್ಲ.

ಆ ನಡುಸಾಲು ಗಡಿ. ತಮ್ಮ ಮಾಡಿನ ನೀರು ತಮ್ಮ ಜಾಗದಲ್ಲೇ ಬೀಳಬೇಕು ಎಂದು ಎರಡೂ ಕಡೆಯವರು ಮನೆ ಕಟ್ಟುವಾಗ ಒಂದೂವರೆ ಅಡಿಯಂತೆ ಬಿಟ್ಟಿದ್ದಾರೆ. ಎರಡು ಒಂದೂವರೆ ಅಡಿ ಸೇರಿ ಓಣಿಯಾಗಿದೆ. ಜಾಗದ ಗಡಿ ಸೊಟ್ಟಗಿದ್ದುದರಿಂದ ಓಣಿಯೂ ಸೊಟ್ಟ. ಮೆಣಸೂ ಇಲ್ಲ, ಪರಂಗಿಯೂ ಇಲ್ಲ. ನೆರೆಯವನ ಗೋಡೆಗೆ ನೀರು ಸಿಡಿಯಬಾರದು ಎಂದು ಇಬ್ಬರು ಬಿಟ್ಟ ಜಾಗ ಅದು. ನನಗೆ ಇದು ಮೆಣಸಿನ ಕಥೆಗಿಂತ ಸಾವಿರ ಪಾಲು ಚೆಂದ ಕಂಡಿತು, ಈಗಲೂ ಕಾಣುತ್ತದೆ. ಉಮ್ಮ ಅಕ್ಕನ ಮನೆಗೆ ಹೋಗುವಾಗ ಕಾಲನ್ನು ಯಾವಾಗಲೂ ಆ ಕಲ್ಲಿನ ಸಾಲಿನ ಈಚೆಯೇ ಇಡುತ್ತಾರೆ ಎಂಬುದನ್ನೂ ಆವತ್ತೇ ಗಮನಿಸಿದೆ. ಹೆಜ್ಜೆ ತಮ್ಮ ಪಾಲಿನಲ್ಲಿ. ಬಲ ಹೆಗಲು ಮಾತ್ರ ಗೋದಾಮಿನ ಗಾಳಿಯಲ್ಲಿ.

ಮುಂದಿನ ಭಾನುವಾರ ಮಾವ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕೋರಿ ರೊಟ್ಟಿ. ಅಮ್ಮ ಬಡಿಸುತ್ತಿದ್ದರು. ಗೋದಾಮಿನ ಪಕ್ಕದ ಓಣಿ ಏನೋ ಚರಿತ್ರೆಯದ್ದಂತೆ, ಮುಟ್ಟಿದರೆ ಜನ ಗಲಾಟೆ ಎಬ್ಬಿಸುತ್ತಾರಂತೆ, ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಇಡಲು ಬೇರೆ ಜಾಗ ಹುಡುಕಬೇಕು ಎಂದು ಮಾವ ಅಮ್ಮನ ಹತ್ತಿರ ಹೇಳುತ್ತಿದ್ದರು. ‘ಚರಿತ್ರೆಯದ್ದಂತೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು. ಆಧಾರ ಏನು ಎಂದೆ. ಮೂಟೆ, ಬಾವಿ, ಗುಳಿ, ನಡುಸಾಲು ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಗರಿಗರಿ ರೊಟ್ಟಿಯ ಎರಡು ಚೂರನ್ನು ಗೋಡೆಗಳಂತೆ ನಿಲ್ಲಿಸಿ, ನಡುವೆ ಕೋಳಿ ಗಸಿಯ ಒಂದು ಗೆರೆ ಎಳೆದು ತೋರಿಸಿದೆ. ನನ್ನ ಬದುಕಿನ ಅತ್ಯುತ್ತಮ ಮಂಡನೆಗಳಲ್ಲಿ ಒಂದು. ಮಾವ ಉಣ್ಣುವುದನ್ನು ನಿಲ್ಲಿಸಿ ಕೇಳಿದರು.

“ನೀನು ಹೇಳಿದ್ದು ಸರಿ ಉಂಟು ಮಗಾ,” ಎಂದರು ಕೊನೆಗೆ. “ಹಾಗಾದರೆ ಅದರಲ್ಲಿ ಅರ್ಧ ನಮ್ಮದು.”

ನಾನು ಗೆದ್ದಿದ್ದೆ. ಗೆದ್ದದ್ದು ಯಾವ ಪಕ್ಷಕ್ಕೆ ಎಂಬುದು ಕೈ ತೊಳೆಯುವಾಗ ಗೊತ್ತಾಯಿತು.

ಮೂರನೆಯ ದಿನ ಅಳತೆ ಟೇಪು ಬಂತು. ನಡುಸಾಲಿನ ಮೇಲೆ ಗೋಡೆ ಎಬ್ಬಿಸಿ, ಆಚೆಯ ಒಂದೂವರೆ ಅಡಿಯಲ್ಲಿ ಸಿಲಿಂಡರಿನ ಸಾಲು ಇಡುವುದು ಮಾವನ ಯೋಜನೆ. ಕಾನೂನಿನಲ್ಲಿ ತಪ್ಪಿಲ್ಲ, ನಾನೇ ಸಾಬೀತು ಮಾಡಿದ್ದೆನಲ್ಲ. ಆದರೆ ಗೋಡೆ ಎದ್ದರೆ ಈಚೆ ಉಳಿಯುವುದೂ ಒಂದೂವರೆ ಅಡಿ. ಕಾಲಿಗೆ ಅಷ್ಟು ಸಾಕು, ಹೆಗಲಿಗೆ ಸಾಲದು. ಎಂಬತ್ತು ದಾಟಿದವರು ಎಣ್ಣೆ ಬಟ್ಟಲು ಹಿಡಿದು ಅಡ್ಡಡ್ಡ ನಡೆಯಬೇಕೇ?

ಗೆಳತಿ ಫೋನು ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

“ಆ ಗೈಡ್ ಸುಳ್ಳು ಹೇಳ್ತಿದ್ದ, ಓಣಿ ಇತ್ತು. ನೀನು ಸತ್ಯ ಹೇಳಿದಿ. ಈಗ ಎಂತ ಉಂಟು ಅಲ್ಲಿ?”

ಮಾವನ ಹತ್ತಿರ ವಾದಿಸಿದೆ, ಅದೂ ಎರಡು ಸಂಜೆ. ಅವರು ಸಿಟ್ಟಾಗಲಿಲ್ಲ, ನನ್ನ ವಾದದ ಒಂದೊಂದು ಅಂಶಕ್ಕೂ ನನ್ನದೇ ಹಳೆಯ ಅಂಶವನ್ನು ಎದುರಿಟ್ಟರು. ಮಾವನೂ ಚರ್ಚಾಸ್ಪರ್ಧೆಗೆ ಬಂದಿದ್ದರೆ ನನಗೆ ಕಷ್ಟವಿತ್ತು. ಅಷ್ಟು ವರ್ಷ ಹೆಂಗಸರು ನಡೆದ ದಾರಿ ಎಂದು ನಾನಂದರೆ, ದಾರಿ ಅಲ್ಲ ಎಂದವಳು ನೀನೇ ಅಲ್ಲವಾ ಎಂದು ನಕ್ಕರು. ಕೊನೆಗೆ ನಾನು ಒಂದೇ ಒಂದು ಬೇಡಿಕೆ ಇಟ್ಟೆ. ಕಲ್ಲು ಇಳಿಸುವ ಮೊದಲು ಒಮ್ಮೆ ಬಂದು ಉಮ್ಮನನ್ನು ನೋಡಬೇಕು. ಅದಕ್ಕೆ ಒಪ್ಪಿದರು.

ಅದಕ್ಕೂ ಮೊದಲು ನಾನೊಬ್ಬಳೇ ಉಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳಬೇಕಿತ್ತು. ಗೆಳತಿ ಆಗಲೇ ಅಲ್ಲಿದ್ದಳು, ಬೆಳ್ಳುಳ್ಳಿ ಸುಲಿಯುತ್ತ, ನನ್ನ ಮುಖ ನೋಡದೆ. ನಾನು ಮೆಟ್ಟಿಲಲ್ಲಿ ಕೂತು, ಓಣಿ ನಿಜಕ್ಕೂ ಏನು ಎಂಬುದನ್ನು ನಾನೇ ಮಾವನಿಗೆ ಹೇಳಿದ್ದು ಎಂದೆ. ಉಮ್ಮ ಗುಳಿಗಳ ಕಡೆ ನೋಡಿದರು.

“ಮಾಡಿನ ನೀರಿಗೆ ಬಿಟ್ಟದ್ದು. ನನಗೆ ಗೊತ್ತುಂಟು ಮಗಾ. ಸಣ್ಣದಿರುವಾಗ ಆ ಕಲ್ಲು ದಾಟಿದರೆ ತಾಯಿ ಹೊಡೀತಿದ್ದರು.”

“ಹಾಗಾದರೆ ಮೆಣಸಿನ ಕಥೆ?”

“ಅದು ಊಟ ಮಾಡದ ಮಕ್ಕಳಿಗೆ ತಾಯಿ ಹೇಳ್ತಿದ್ದದ್ದು. ಉಣ್ಣದಿದ್ದರೆ ಮೆಣಸು ಹುಡುಕುತ್ತ ಓಣಿಯಲ್ಲಿ ಪರಂಗಿ ಬರ್ತಾನೆ ಅಂತ.”

ಗೆಳತಿಯ ಕೈಯ ಬೆಳ್ಳುಳ್ಳಿ ನಿಂತಿತು. ಅವಳಿಗೂ ಇದು ಹೊಸದು. ಉಮ್ಮ ಉಳಿದದ್ದನ್ನೂ ಹೇಳಿದರು, ನಡುನಡುವೆ ಬ್ಯಾರಿ ಭಾಷೆಗೆ ಹೊರಳುತ್ತ. ಆಗೆಲ್ಲ ಗೆಳತಿ ನನಗೆ ಕನ್ನಡದಲ್ಲಿ ದಾಟಿಸುತ್ತಿದ್ದಳು. ಗೆಳತಿ ಹುಟ್ಟುವ ಎಷ್ಟೋ ಮೊದಲು, ಗೋದಾಮಿನ ಆಗಿನ ಯಜಮಾನರು ಓಣಿಯಲ್ಲಿ ಡ್ರಮ್ಮು ಪೇರಿಸಲು ಹೊರಟಿದ್ದರಂತೆ. ಅದೇ ವಾರ ಹಳೆಯ ಮನೆಗಳ ಬಗ್ಗೆ ಬರೆಯುವವರು ಯಾರೋ ಬಂದು, ಈ ಓಣಿಗೆ ಏನಾದರೂ ಕಥೆ ಉಂಟಾ ಎಂದು ಬಾಗಿಲಲ್ಲಿ ನಿಂತು ಕೇಳಿದರಂತೆ. ಉಮ್ಮನಿಗೆ ಗೊತ್ತಿದ್ದ ಕಥೆ ಅದೊಂದೇ. ಹೇಳಿದರು. ಆಮೇಲೆ ನೋಡಲು ಜನ ಬರತೊಡಗಿದರು. ಜನ ಬಂದಾಗ ಡ್ರಮ್ಮು ಹಿಂದೆ ಹೋಯಿತು. ಕಥೆಗೆ ದೋಣಿ, ನದಿ, ಗುಪ್ತ ದಾರಿ ಎಲ್ಲ ಬೇರೆಯವರು ಸೇರಿಸಿದ್ದು. ಗೈಡಿನ ಬಾಯಲ್ಲಿ ಮೊದಲ ಸಲ ಕೇಳಿದಾಗ ತನಗೇ ಗುರುತು ಸಿಗಲಿಲ್ಲ ಎಂದರು.

ಅಂದರೆ ತಲೆದಿಂಬಿನ ಗೋಣಿ ಹೊತ್ತು ನಾನು ಉರುಳಿಸಲು ಹೊರಟಿದ್ದು ಉಮ್ಮನದೇ ಕಥೆಯ ಗೋಡೆಯನ್ನು. ದಿಂಬು ಕೊಟ್ಟವರೂ ಅವರೇ. ಆವತ್ತು ಒಂದು ಮಾತು ಹೇಳಬಹುದಿತ್ತಲ್ಲ ಎಂದೆ. ನೀನು ಅಷ್ಟು ಚೆಂದ ಮಾತಾಡುತ್ತಿದ್ದೆ, ನಡುವೆ ಬಾಯಿ ಹಾಕುವುದು ಹೇಗೆ ಎಂದರು. ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಮಾವ ಬಂದದ್ದು ಬುಧವಾರ. ಮುಂಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತರು. ಉಮ್ಮ ಅವರನ್ನು ಮುಂದಿನ ಕೋಣೆಯಲ್ಲಿ ಕೂರಿಸಲಿಲ್ಲ. ಮನೆಯೊಳಗಿಂದ ನೇರ ಅಡುಗೆಮನೆಗೆ ಕರೆತಂದು ಹಿಂಬಾಗಿಲ ಮೆಟ್ಟಿಲ ಹತ್ತಿರ ಕುರ್ಚಿ ಹಾಕಿದರು. ಆ ಮನೆಯಲ್ಲಿ ಹೊರಗಿನ ಗಂಡಸಿಗೆ ಅಡುಗೆಮನೆಯ ಕುರ್ಚಿ ಎಂದರೆ ಮನೆಯವನೆಂದು ಎಣಿಸಿದಂತೆ ಎಂಬುದು ಮಾವನಿಗೆ ಗೊತ್ತಿರಲಿಕ್ಕಿಲ್ಲ. ಗೆಳತಿ ಕಣ್ಣರಳಿಸಿದ್ದು ನನಗೆ ಕಂಡಿತು. ಹಾಲಿಲ್ಲದ ಸುಲೈಮಾನಿ ಚಾ ಬಂತು. ಹೊರಗೆ ಸಣ್ಣ ಮಳೆ. ನಾನು ಮಾತಾಡಲು ಸಿದ್ಧಳಾಗಿ, ಮೂರು ಅಂಶ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಗೆಳತಿ ನನ್ನ ಕಾಲು ತುಳಿದಳು.

“ಹಂಚು ಇಡ್ತೀರಾ, ತೆಗೀತೀರಾ?” ಎಂದು ಉಮ್ಮ ತುಳುವಿನಲ್ಲಿ ಮಾವನನ್ನು ಕೇಳಿದರು.

“ಇಡ್ತೇನೆ ಉಮ್ಮ. ಹಂಚು ನೋಡಲಿಕ್ಕೇ ಜನ ಬರುವುದು.”

“ಮತ್ತೆ ಅದರ ನೀರು?”

ಮಾವ ಮೇಲೆ ನೋಡಿದರು. ಗೋದಾಮಿನ ಮಾಡಿನ ನೀರು ಸಾಲಾಗಿ ಅವರ ಪಾಲಿನ ಗುಳಿಗಳಿಗೆ ಬೀಳುತ್ತಿತ್ತು, ಅಂದರೆ ಅವರು ಸಿಲಿಂಡರ್ ಇಡಬೇಕೆಂದಿದ್ದ ಜಾಗಕ್ಕೇ. ಅಲ್ಲಿ ಗೋಡೆ ಎದ್ದರೆ ಆ ಸಣ್ಣ ಸಂದಿಯಲ್ಲಿ ನೀರು ನಿಂತು ಮೊದಲು ಕೊಳೆಯುವುದು ಅವರದೇ ಕೆಂಪುಕಲ್ಲಿನ ಗೋಡೆ. ಗದ್ದೆಯ ನೀರಿಗಾಗಿ ಮೂರು ತಲೆಮಾರು ಜಗಳವಾಡಿದ ಕುಟುಂಬದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಂಜೆ ವಾದಿಸಿದ ನನಗೆ ಹೊಳೆಯದೇ ಹೋದದ್ದು, ನಾನೇ ಕಂಡುಹಿಡಿದ ಸತ್ಯದ ಒಳಗೇ ಇತ್ತು.

ಮಾವ ಚಾ ಮುಗಿಸಿದರು. ಗೋಡೆ ಕಟ್ಟುವುದಿಲ್ಲ ಎಂದರು ಆಮೇಲೆ, ಗ್ಲಾಸನ್ನು ಮೆಟ್ಟಿಲ ಮೇಲೆ ಇಡುತ್ತ. ಸಿಲಿಂಡರಿಗೆ ಹಿತ್ತಲಲ್ಲಿ ಜಾಗ ಮಾಡುತ್ತಾರಂತೆ. ಆದರೆ ಒಂದು ಗೇಟು ಬೇಕೇ ಬೇಕು. ಓಣಿಯ ಕಡೆ ಹೋಟೆಲಿನ ಕಿಟಕಿಗಳು ತೆರೆಯುತ್ತವೆ, ರಸ್ತೆಯಿಂದ ಯಾರು ಬೇಕಾದರೂ ನುಗ್ಗುವಂತಿರಬಾರದು. ಉಮ್ಮನ ಮೆಟ್ಟಿಲು ದಾಟಿದ ಕೂಡಲೇ ಗೇಟು, ಎರಡೂ ಪಾಲಿಗೆ ಅಡ್ಡವಾಗಿ. ಉಮ್ಮ ಸ್ವಲ್ಪ ಯೋಚಿಸಿ, ಆಗಲಿ ಎಂದರು. ಹೋಗುವಾಗ ಮಾವನಿಗೆ ಗುಳಿಯಪ್ಪ ಕಟ್ಟಿಕೊಟ್ಟರು. ಅವರು ಅದನ್ನು ಕಾರಿನಲ್ಲೇ ತಿಂದು ಮುಗಿಸಿದರೆಂದು ಡ್ಯಾಶ್‌ಬೋರ್ಡಿನ ಮೇಲಿನ ಎಣ್ಣೆ ಕಾಗದ ಹೇಳಿತು.

ಗೆಳತಿ ಈಗ ಮತ್ತೆ ಬೈಯುತ್ತಾಳೆ, ಅಂದರೆ ಎಲ್ಲ ಸರಿ ಇದೆ. ಗೈಡ್ ಈಗಲೂ ಭಾನುವಾರ ಮೆಣಸಿನ ಕಥೆ ಹೇಳುತ್ತಾರೆ. ನನ್ನನ್ನು ಕಂಡರೆ ಸ್ವರ ತಗ್ಗಿಸುತ್ತಾರೆ. ನಾನು ಕೈ ಎತ್ತುವುದಿಲ್ಲ. ಒಮ್ಮೆ ಪ್ರವಾಸಿಯೊಬ್ಬರು ಇದು ನಿಜವಾ ಎಂದು ನನ್ನನ್ನೇ ಕೇಳಿದಾಗ, ಆ ಮನೆಯ ಉಮ್ಮನನ್ನು ಕೇಳಿ ಎಂದೆ. ಕೇಳಿದರು. ನೋಡಿದವರು ಯಾರು ಮಗಾ, ಚಾ ಕುಡೀತೀರಾ ಎಂದು ಉತ್ತರ ಬಂತು.

ಕಳೆದ ವಾರ ಗೇಟು ಬಂದಿದೆ. ಕಬ್ಬಿಣದ್ದು, ಮೇಲೆ ಬಳ್ಳಿಯ ಚಿತ್ತಾರ. ಕಂಬ ನಿಂತಾಗಿದೆ, ಬಾಗಿಲು ಮಾತ್ರ ಗೋಡೆಗೆ ಒರಗಿದೆ. ನಿನ್ನೆ ವೆಲ್ಡಿಂಗಿನವರು ಬಂದಾಗ ಮಾವನೂ ಇದ್ದರು, ನಾನೂ ಇದ್ದೆ. ಹತ್ತು ಗಂಟೆ. ಉಮ್ಮ ಎಣ್ಣೆ ಬಟ್ಟಲು, ಬಾಚಣಿಗೆ ಹಿಡಿದು ಹೊರಬಂದು, ವೆಲ್ಡಿಂಗಿನ ವೈರು ದಾಟಿ, ಕಂಬಗಳ ನಡುವಿನಿಂದ, ಕಲ್ಲಿನ ಸಾಲಿನ ಈಚೆಯೇ ಹೆಜ್ಜೆ ಇಡುತ್ತ ತಿರುವಿನಲ್ಲಿ ಮರೆಯಾದರು. ಮಾವನೂ ನೋಡಿದರು, ಪೂರ್ತಿ ಮರೆಯಾಗುವ ತನಕ. ಚಿಲಕ ಇನ್ನೂ ಕೂಡಿಸಿರಲಿಲ್ಲ. ವೆಲ್ಡಿಂಗಿನವರು ಅದನ್ನು ಕೈಯಲ್ಲಿ ಹಿಡಿದು ಮಾವನ ಮುಖ ನೋಡುತ್ತಿದ್ದರು. ಅದು ಹೋಟೆಲಿನ ಬದಿಗೆ ಕೂತರೆ, ಉಮ್ಮ ದಿನಾ ತಮ್ಮ ಮೆಟ್ಟಿಲಲ್ಲಿ ನಿಂತು ಯಾರನ್ನಾದರೂ ಕೂಗಬೇಕು. ಉಮ್ಮನ ಬದಿಗೆ ಕೂತರೆ, ತೆರೆಯುವುದೂ ಬೀಗ ಹಾಕುವುದೂ ಉಮ್ಮನ ಕೈಯಲ್ಲಿ, ಮಾವನ ಹೋಟೆಲು ಅವರ ನಂಬಿಕೆಯಲ್ಲಿ.

ಈ ಸಲ ನಾನು ಯಾವ ಅಂಶವನ್ನೂ ಜೋಡಿಸಿಕೊಂಡಿರಲಿಲ್ಲ. ಸುಮ್ಮನೆ ಕೇಳಿದೆ.

“ಮಾವ, ಚಿಲಕ ಯಾವ ಬದಿಗೆ?”